‘ಮನೆತನದಾಗ ಐತೇನ್ರಿ?’

ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಊರಲ್ಲಿ ಹೆಣ್ಣು–ಗಂಡಿನ ಮಾತು ಶುರುವಾಯಿತೆಂದರೆ, ಹೊಲ ಎಷ್ಟು ಎಕರೆ, ಬೋರಿನಲ್ಲಿ ನೀರು ಎಷ್ಟು ಎಂಬ ವಿಚಾರಣೆಗೂ ಮೊದಲು ಹಿರಿಯರು ಯಾರದೋ ಕಡೆಯಿಂದ ಒಂದು ಮಾತು ಕೇಳಿಸಿಯೇ ಇರುತ್ತಾರೆ: ‘ಮನೆತನದಾಗ ಏನರೆ ಐತೇನ್ರಿ?’ ತೊನ್ನು, ಮೂರ್ಛೆರೋಗ, ತಲೆ ಕೆಟ್ಟವರು, ಹುಟ್ಟುಕಿವುಡರು ಎಲ್ಲವೂ ಆ ಒಂದು ‘ಏನರೆ’ಯೊಳಗೆ ಅಡಗಿರುತ್ತದೆ. ಮುದುಕರ ಅರಳುಮರಳು ಮಾತ್ರ ಬಹಳ ಕಾಲ ಆ ಪಟ್ಟಿಗೆ ಸೇರಿರಲಿಲ್ಲ. ವಯಸ್ಸಾದ ಮೇಲೆ ಅದು ಬರುವುದೇ ಎಂದು ಜನ ಸುಮ್ಮನಿದ್ದರು. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸಿನಲ್ಲಿತ್ತು. ಎಂಬತ್ತು ಮುಟ್ಟಿದವರೇ ವಿರಳ. ಈಗ ಅದು 70ರ ಹತ್ತಿರ. ಅಜ್ಜನೂ ಅಜ್ಜನ ತಮ್ಮನೂ ಒಬ್ಬರ ಹಿಂದೆ ಒಬ್ಬರು ಹೆತ್ತ ಮಕ್ಕಳ ಹೆಸರು ಮರೆಯುವುದನ್ನು ಮೊಮ್ಮಕ್ಕಳು ಕಣ್ಣಾರೆ ಕಾಣುವಷ್ಟು ದೀರ್ಘ ಮುಪ್ಪು ನಮ್ಮ ಮನೆಗಳಿಗೆ ಬಂದಿದೆ. ಹೀಗಾಗಿ ಇಂದು ಡಾಕ್ಟರ ಮುಂದೆ ಕೂತ ಐವತ್ತರ ಮಗ ಮೆಲ್ಲನೆ ಕೇಳುತ್ತಾನೆ: ‘ನಮ್ಮಪ್ಪಗ ಆಗಿತ್ತು, ಈಗ ಕಾಕಾಗ ಆಗೈತಿ. ನಮಗೂ ಬರತೈತೇನ್ರಿ?’

ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನೂರ ಇಪ್ಪತ್ತು ವರ್ಷಗಳಿಂದ ನಡೆದಿದೆ. ಅದು ಜರ್ಮನಿಯ ಒಂದು ಹುಚ್ಚರ ಆಸ್ಪತ್ರೆಯಲ್ಲಿ ಶುರುವಾಯಿತು. ಇಂಗ್ಲೆಂಡಿನ ಒಬ್ಬ ಹೆಣ್ಣುಮಗಳ ಕಾಗದ, ಕೊಲಂಬಿಯಾದ ಗುಡ್ಡಗಾಡಿನ ಚರ್ಚುಗಳ ದಫ್ತರಗಳನ್ನು ದಾಟಿ, ತೀರಾ ಈಚೆಗೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಹಳ್ಳಿಗಳಿಗೆ ಬಂದು ಮುಟ್ಟಿದೆ. ಈ ಕಥೆಯನ್ನು ಓದುತ್ತ ಹೋದಂತೆ ನನಗೆ ಒಂದು ವಿಷಯ ಬಲವಾಗಿ ಮನಸ್ಸಿಗೆ ನಾಟಿದೆ. ಮರೆವಿನ ಕಾಯಿಲೆ ರಕ್ತದಲ್ಲಿ ಹರಿದು ಬರುತ್ತದೆಯೇ ಎಂಬುದಕ್ಕೆ ಜಗತ್ತಿನ ಬಳಿ ಇರುವ ಉತ್ತರವೆಲ್ಲ ಬಹುಪಾಲು ಬೇರೆಯವರ ರಕ್ತ ನೋಡಿ ಬರೆದದ್ದು. ನಮ್ಮದನ್ನು ಓದಲು ಈಗಷ್ಟೇ ಕೈಹಚ್ಚಿದ್ದಾರೆ.

1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಗಂಡನ ಮೇಲೆ ಇಲ್ಲದ ಸಂಶಯ, ಅಡುಗೆಯಲ್ಲಿ ಎಡವಟ್ಟು, ಇಟ್ಟ ವಸ್ತು ಇಟ್ಟಲ್ಲಿ ಸಿಗದ ಗಾಬರಿ. ಅಲ್ಲಿದ್ದ ವೈದ್ಯ ಆಲೋಯಿಸ್ ಆಲ್ಝೈಮರ್ ಆಕೆಯನ್ನು ದಿನವೂ ಮಾತಾಡಿಸಿ, ಪ್ರಶ್ನೆ–ಉತ್ತರವನ್ನು ಅಕ್ಷರಶಃ ಬರೆದಿಟ್ಟರು. ಮುಂದೆ ಅವರು ಮ್ಯೂನಿಕ್‌ನ ಎಮಿಲ್ ಕ್ರೆಪೆಲಿನ್ ಅವರ ಸಂಸ್ಥೆಗೆ ಹೋದರೂ ಆ ರೋಗಿಯನ್ನು ಮರೆಯಲಿಲ್ಲ. 1906ರ ಏಪ್ರಿಲ್‌ನಲ್ಲಿ ಆಗುಸ್ಟೆ ತೀರಿಕೊಂಡಾಗ ಮಿದುಳನ್ನು ತರಿಸಿಕೊಂಡರು. ತೆಳ್ಳಗೆ ಸೀಳಿ, ಬೆಳ್ಳಿಯ ಲವಣದ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಎರಡು ಸಂಗತಿ ಕಂಡವು: ನರಕೋಶಗಳ ನಡುವೆ ಯಾವುದೋ ವಸ್ತುವಿನ ಗಡ್ಡೆಗಳು, ಕೋಶಗಳ ಒಳಗೆ ತೊಡಕಿಕೊಂಡ ಎಳೆಗಳು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್ ಊರಿನ ವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದಾಗ ಕೂತವರಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಆಲ್ಝೈಮರ್ ಹೆಸರಿಟ್ಟರು.

ಆಗುಸ್ಟೆಗೆ ಅಷ್ಟು ಎಳೆಯ ವಯಸ್ಸಿಗೆ ಏಕೆ ಬಂತು ಎಂಬ ಕುತೂಹಲ ಇನ್ನೂ ತಣಿದಿಲ್ಲ. ಕಳೆದುಹೋಗಿತ್ತೆಂದುಕೊಂಡಿದ್ದ ಆಕೆಯ ಕಡತ 1995ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಸಿಕ್ಕಿತು; ಮಿದುಳಿನ ಗಾಜಿನ ಸ್ಲೈಡುಗಳು ಮ್ಯೂನಿಕ್‌ನಲ್ಲಿ ಸಿಕ್ಕವು. 2013ರಲ್ಲಿ ಒಂದು ತಂಡ ಆ ಸ್ಲೈಡುಗಳಿಂದ ಡಿಎನ್ಎ ತೆಗೆದು ವಂಶವಾಹಿಯಲ್ಲಿ ದೋಷ ಕಂಡಿತೆಂದು ಪ್ರಕಟಿಸಿತು. ಮರುವರ್ಷವೇ ಇನ್ನೊಂದು ತಂಡ ಹುಡುಕಿದಾಗ ಆ ದೋಷ ಕಾಣಲಿಲ್ಲ. ಜಗತ್ತಿನ ಮೊದಲ ಆಲ್ಝೈಮರ್ ರೋಗಿಗೇ ‘ಮನೆತನದಾಗ ಇತ್ತೇನ್ರಿ’ ಎಂಬುದಕ್ಕೆ ಉತ್ತರವಿಲ್ಲ.

ಕ್ರೆಪೆಲಿನ್ ಇಟ್ಟ ಹೆಸರಿನಿಂದ ಒಂದು ತೊಂದರೆಯೂ ಆಯಿತು. ಆಲ್ಝೈಮರ್ ಕಾಯಿಲೆ ಎಂದರೆ ನಡುವಯಸ್ಸಿನಲ್ಲಿ ಬರುವ ಅಪರೂಪದ ರೋಗ, ಮುದುಕರ ಮರೆವು ಬರೀ ಮುಪ್ಪು ಎಂಬ ಭೇದ ಅರ್ಧ ಶತಮಾನ ನಿಂತುಬಿಟ್ಟಿತು. 1960ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ವೈದ್ಯರು ತೀರಿಕೊಂಡ ವೃದ್ಧರ ಮಿದುಳುಗಳನ್ನು ನೋಡಿ, ಮರೆವಿನಿಂದ ಬಳಲಿದ ಮುದುಕರಲ್ಲೂ ಅದೇ ಗಡ್ಡೆ, ಅದೇ ತೊಡಕು ಹೇರಳವಾಗಿರುವುದನ್ನು ತೋರಿಸಿದರು. 1976ರಲ್ಲಿ ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ ಎರಡೂ ಒಂದೇ ರೋಗ ಎಂದು ಖಂಡಿತವಾಗಿ ಬರೆದರು. ಅಲ್ಲಿಂದಾಚೆಗೆ ಮುದುಕರ ಮರೆವು ವಿಜ್ಞಾನಿಗಳ ಪಾಲಿಗೆ ವಿಧಿಯಾಗಿ ಉಳಿಯದೆ ಕಾಯಿಲೆಯಾಯಿತು. ಕಾಯಿಲೆ ಎಂದ ಮೇಲೆ ಕಾರಣ ಹುಡುಕಲೇಬೇಕು.

ಮೊದಲ ಸುಳಿವು ಡೌನ್ ಸಿಂಡ್ರೋಮ್ ಇರುವವರಿಂದ ಸಿಕ್ಕಿತು. ಅವರಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ನಲವತ್ತು ದಾಟುವಷ್ಟರಲ್ಲಿ ಅವರ ಮಿದುಳಿನಲ್ಲಿ ಆಲ್ಝೈಮರ್ ಗಡ್ಡೆಗಳು ಕಾಣಿಸಿಕೊಳ್ಳುತ್ತವೆ. 1984ರಲ್ಲಿ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಆ ಗಡ್ಡೆಗಳಲ್ಲಿರುವ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ತುಣುಕನ್ನು ಬೇರ್ಪಡಿಸಿದರು. 1987ರಲ್ಲಿ ಅದನ್ನು ತಯಾರಿಸುವ ಎಪಿಪಿ ಎಂಬ ಜೀನ್ (ವಂಶವಾಹಿ) 21ನೆಯ ವರ್ಣತಂತುವಿನ ಮೇಲೆಯೇ ಇರುವುದು ಗೊತ್ತಾಯಿತು. ಆದರೆ ಆ ಜೀನಿನ ತಪ್ಪಿನಿಂದಲೇ ರೋಗ ಬರುತ್ತದೆ ಎಂದು ಸಾಬೀತಾಗಬೇಕಿದ್ದರೆ ತಲೆಮಾರುಗಳ ಉದ್ದಕ್ಕೂ ರೋಗ ಹರಿದುಬಂದ ಒಂದು ಮನೆತನ ಬೇಕಿತ್ತು.

ಆ ಮನೆತನ ತಾನಾಗಿಯೇ ಮುಂದೆ ಬಂತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆಯ ಶಿಕ್ಷಕಿ ಕ್ಯಾರೊಲ್ ಜೆನ್ನಿಂಗ್ಸ್ 1986ರಲ್ಲಿ ಲಂಡನ್ನಿನ ಸಂಶೋಧಕರಿಗೆ ಒಂದು ಕಾಗದ ಬರೆದಳು. ಅವಳ ತಂದೆಗೆ ಅರವತ್ತರ ಒಳಗೇ ಮರೆವು ಹತ್ತಿತ್ತು. ತಂದೆಯ ಒಡಹುಟ್ಟಿದವರಲ್ಲೂ ಹಲವರಿಗೆ ಅದೇ. ತನ್ನ ಕುಟುಂಬದಿಂದ ನಿಮ್ಮ ಸಂಶೋಧನೆಗೆ ಉಪಯೋಗವಾಗಬಹುದು ಎಂದಷ್ಟೇ ಅವಳ ಸೂಚನೆ. ಜಾನ್ ಹಾರ್ಡಿ, ಆಲಿಸನ್ ಗೋಟ್ ಮತ್ತು ಸಂಗಡಿಗರು ಆ ಮನೆಯವರ ರಕ್ತ ಪರೀಕ್ಷಿಸಿ 1991ರಲ್ಲಿ ಎಪಿಪಿ ಜೀನಿನಲ್ಲಿ ಒಂದೇ ಒಂದು ಅಕ್ಷರದ ತಪ್ಪನ್ನು ಪತ್ತೆಹಚ್ಚಿದರು. ಆಲ್ಝೈಮರ್ ಕಾಯಿಲೆಗೆ ವಂಶವಾಹಿ ಕಾರಣ ಸಿದ್ಧವಾದದ್ದು ಇದೇ ಮೊದಲು. ಕ್ಯಾರೊಲ್ ಮಾತ್ರ ತನ್ನಲ್ಲಿ ಆ ತಪ್ಪು ಇದೆಯೋ ಇಲ್ಲವೋ ತಿಳಿದುಕೊಳ್ಳಲು ಒಪ್ಪಲಿಲ್ಲ. ಇತರ ಕುಟುಂಬಗಳಿಗಾಗಿ ದುಡಿಯುತ್ತಲೇ ಇದ್ದಳು. ನಡುವಯಸ್ಸಿನಲ್ಲಿ ಅವಳಿಗೂ ಅದು ಬಂತು. 2024ರ ಮಾರ್ಚ್‌ನಲ್ಲಿ ತೀರಿಕೊಂಡಳು. ಇಂಥ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಮನೆಯ ಮಾತು ಹೊರಗೆ ಹೋಗಬಾರದೆಂದು ಬಾಗಿಲು ಹಾಕಿಕೊಳ್ಳುವುದು ಸುಲಭ. ಅವಳು ಕಾಗದ ಬರೆದಳು.

ಇನ್ನೊಂದು ಮನೆತನ ಅದಕ್ಕಿಂತ ಎಷ್ಟೋ ದೊಡ್ಡದು, ಮತ್ತು ಅದರ ಕಥೆ ನಮ್ಮ ಕಡೆಯವರಿಗೆ ಹೆಚ್ಚು ಹತ್ತಿರವಾದೀತು. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಆಂಟಿಯೋಕಿಯಾ ಎಂಬ ಗುಡ್ಡಗಾಡು ಪ್ರಾಂತ. 1980ರ ದಶಕದ ಆರಂಭದಲ್ಲಿ ಮೆಡೆಯಿನ್ ನಗರದ ಯುವ ನರವೈದ್ಯ ಫ್ರಾನ್ಸಿಸ್ಕೊ ಲೊಪೇರಾ ಬಳಿಗೆ ಹಳ್ಳಿಯಿಂದ 47 ವರ್ಷದ ಒಬ್ಬ ರೈತ ಬಂದ. ನೆನಪೆಲ್ಲ ಅಳಿಸಿಹೋಗಿತ್ತು. ವಿಚಾರಿಸಿದರೆ ಅವನ ಅಪ್ಪ, ಅಜ್ಜ ಕೂಡ ಅದೇ ವಯಸ್ಸಿಗೆ ಹೀಗೇ ಆಗಿದ್ದರು. ಲೊಪೇರಾ ಹಳ್ಳಿಗಳಿಗೆ ಹೊರಟರು. ಜೊತೆಗೆ ಲೂಸಿಯಾ ಮಾದ್ರಿಗಲ್ ಎಂಬ ನರ್ಸ್. ಬಂದೂಕು ಹಿಡಿದ ಗೆರಿಲ್ಲಾಗಳು, ಮಾದಕವಸ್ತುವಿನ ದಂಧೆಯವರ ಕಾಳಗದ ನಡುವೆ ಮನೆಯಿಂದ ಮನೆಗೆ ಹೋಗಿ ಯಾರು ಯಾರ ಮಗ, ಯಾರಿಗೆ ಯಾವ ವಯಸ್ಸಿನಲ್ಲಿ ಮರೆವು ಹತ್ತಿತು ಎಂದು ಬರೆದುಕೊಂಡರು. ಜನರ ನೆನಪು ಮುಗಿದಲ್ಲಿ ಚರ್ಚುಗಳ ಜನನ–ಮದುವೆ–ಮರಣದ ದಫ್ತರಗಳನ್ನು ತೆರೆದರು. ಬೇರೆ ಬೇರೆ ಎಂದುಕೊಂಡಿದ್ದ ಕುಟುಂಬಗಳೆಲ್ಲ 18ನೆಯ ಶತಮಾನದ ಒಂದೇ ದಂಪತಿಯ ಸಂತಾನ ಎಂದು ಗೊತ್ತಾಯಿತು. 1995ರಲ್ಲಿ 14ನೆಯ ವರ್ಣತಂತುವಿನ ಪ್ರೆಸೆನಿಲಿನ್–1 ಎಂಬ ಜೀನ್ ಪತ್ತೆಯಾಯಿತು; ಈ ಕುಟುಂಬದ ತಪ್ಪು ಅದರಲ್ಲೇ ಇತ್ತು. ಅದೇ ವರ್ಷ ಅಮೆರಿಕಕ್ಕೆ ವಲಸೆ ಹೋದ ವೋಲ್ಗಾ ತೀರದ ಜರ್ಮನ್ ಕುಟುಂಬಗಳಲ್ಲಿ ಪ್ರೆಸೆನಿಲಿನ್–2 ಸಿಕ್ಕಿತು.

ಲೊಪೇರಾ ಕೆಲಸವನ್ನು ಓದಿದಾಗ ನನಗೆ ಹೆಳವರು ನೆನಪಾದರು. ವಿಜಯಪುರ, ಬೆಳಗಾವಿ, ಬಾಗಲಕೋಟೆ ಸೀಮೆಯ ರೈತಾಪಿ ಮನೆಗಳಿಗೆ ಎತ್ತಿನ ಜೊತೆ, ಗಂಟೆಯ ಸದ್ದಿನೊಂದಿಗೆ ಬಂದು, ಆ ಮನೆತನದ ಮೂಲ ಯಾವ ಊರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಯಾರು ಯಾವ ಊರಿಗೆ ಹೋಗಿ ನೆಲೆನಿಂತರು ಎಂದು ತಲೆಮಾರುಗಳನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವವರು. ಕೊಲಂಬಿಯಾದ ಪಾದ್ರಿಗಳ ದಫ್ತರ ಒಂದು ಜೀನಿನ ಇತಿಹಾಸ ಹೇಳಬಲ್ಲದಾದರೆ ಹೆಳವರ ಹೊತ್ತಿಗೆಯೂ ಹೇಳಬಲ್ಲದು. ಜನಪದ ವಿದ್ವಾಂಸರು ಹೆಳವರ ಬಗ್ಗೆ ಆಸ್ಥೆಯಿಂದ ಬರೆದಿದ್ದಾರೆ. ವೈದ್ಯಲೋಕವೂ ಅವರ ಮುಂದೆ ಕೂತು ಕೇಳಬೇಕು. ಆ ಹೊತ್ತಿಗೆಗಳನ್ನು ಓದಬಲ್ಲ ಹಿರಿಯರು ಇರುವಾಗಲೇ ಕೇಳಬೇಕು.

ಎಪಿಪಿ, ಪ್ರೆಸೆನಿಲಿನ್–1, ಪ್ರೆಸೆನಿಲಿನ್–2. ಈ ಮೂರರಲ್ಲಿ ಒಂದರ ತಪ್ಪು ತಂದೆಯಲ್ಲೋ ತಾಯಿಯಲ್ಲೋ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದವರಿಗೆ ರೋಗ ಬಹುತೇಕ ತಪ್ಪಿದ್ದಲ್ಲ, ಅದೂ ಸಾಮಾನ್ಯವಾಗಿ ಅರವತ್ತರ ಒಳಗೆ. ಕೊಲಂಬಿಯಾದ ಆ ಕುಟುಂಬದಲ್ಲಿ ಡಿಮೆನ್ಷಿಯಾ, ಅಂದರೆ ದಿನದ ಬದುಕನ್ನೇ ಕೆಡಿಸುವ ಮರೆವು, ಶುರುವಾಗುವ ಸರಾಸರಿ ವಯಸ್ಸು 49. ಆದರೆ ಜಗತ್ತಿನ ಎಲ್ಲ ಆಲ್ಝೈಮರ್ ರೋಗಿಗಳಲ್ಲಿ ಇಂಥವರು ನೂರಕ್ಕೆ ಒಬ್ಬರು ಇರಬಹುದು, ಅಷ್ಟೇ. ಎಪ್ಪತ್ತೈದಕ್ಕೆ, ಎಂಬತ್ತಕ್ಕೆ ಮರೆವು ಹತ್ತಿದ ಅಪ್ಪನ ಮಗ ಈ ಮೂರು ಜೀನುಗಳಿಗೆ ಹೆದರಿ ನಿದ್ದೆಗೆಡುವ ಕಾರಣವಿಲ್ಲ.

ಇಷ್ಟು ಕಟ್ಟುನಿಟ್ಟಿನ ತಪ್ಪನ್ನೂ ಒಮ್ಮೊಮ್ಮೆ ಇನ್ನೊಂದು ಜೀನ್ ತಡೆದು ನಿಲ್ಲಿಸುತ್ತದೆ. ಅದೇ ಕೊಲಂಬಿಯಾ ಕುಟುಂಬದ ಅಲಿರಿಯಾ ಪಿಯೆದ್ರಾಯಿತಾ ಎಂಬಾಕೆಯಲ್ಲಿ ಪ್ರೆಸೆನಿಲಿನ್ ತಪ್ಪು ಇತ್ತು, ಮಿದುಳಿನ ತುಂಬ ಅಮೈಲಾಯ್ಡ್ ಗಡ್ಡೆಗಳೂ ಇದ್ದವು. ಆದರೂ ನಲವತ್ತರಲ್ಲಿ ಬರಬೇಕಿದ್ದ ಮರೆವು ಎಪ್ಪತ್ತು ದಾಟುವ ತನಕ ಅವಳ ಹತ್ತಿರ ಸುಳಿಯಲಿಲ್ಲ. 2019ರಲ್ಲಿ ಪ್ರಕಟವಾದ ಆ ಶೋಧದ ಪ್ರಕಾರ ಅವಳಲ್ಲಿ ಅಪೊ–ಇ ಎಂಬ ಜೀನಿನ ಅತಿ ಅಪರೂಪದ ಒಂದು ಬಗೆ ತಂದೆ–ತಾಯಿ ಇಬ್ಬರಿಂದಲೂ ಬಂದಿತ್ತು. ಲೊಪೇರಾ 2024ರಲ್ಲಿ ತೀರಿಕೊಂಡರು.

ಮುದುಕರ ಮರೆವಿಗೆ ನಿಜವಾಗಿ ಸಂಬಂಧಿಸಿದ್ದು ಈ ಅಪೊ–ಇ. ರಕ್ತದಲ್ಲಿ ಮತ್ತು ಮಿದುಳಿನಲ್ಲಿ ಕೊಬ್ಬನ್ನು ಹೊತ್ತು ಸಾಗಿಸುವ ಪ್ರೋಟೀನಿನ ಜೀನ್ ಇದು. 19ನೆಯ ವರ್ಣತಂತುವಿನ ಮೇಲಿದೆ. ಇದರಲ್ಲಿ ಇ–2, ಇ–3, ಇ–4 ಎಂದು ಮೂರು ಮುಖ್ಯ ಬಗೆ. ಎಲ್ಲರಲ್ಲೂ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಲೆನ್ ರೋಸೆಸ್ ತಂಡ ಇ–4 ಇರುವವರಲ್ಲಿ ಮುಪ್ಪಿನ ಆಲ್ಝೈಮರ್ ಹೆಚ್ಚು, ಎರಡು ಪ್ರತಿ ಇದ್ದರೆ ಇನ್ನೂ ಹೆಚ್ಚು ಮತ್ತು ಬೇಗ ಎಂದು ತೋರಿಸಿತು. ಯುರೋಪ್ ಮೂಲದವರಲ್ಲಿ ಒಂದು ಇ–4 ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಹತ್ತು ಪಟ್ಟಿಗೂ ಮಿಕ್ಕಿ ಎಂದು ಲೆಕ್ಕ. ಆದರೆ ಇ–4 ಇದ್ದೂ ತೊಂಬತ್ತರ ತನಕ ಚುರುಕಾಗಿ ಬಾಳಿದವರಿದ್ದಾರೆ, ಇಲ್ಲದೆಯೂ ಮರೆವು ಹತ್ತಿದವರಿದ್ದಾರೆ. ಅದು ಅಪಾಯವನ್ನು ಏರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಹಾಗಿದ್ದೂ ಅದರ ಭಯ ದೊಡ್ಡದು. ಡಿಎನ್ಎ ರಚನೆ ಕಂಡುಹಿಡಿದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಪೂರ್ತಿ ಜೀನೋಮನ್ನು, ಅಂದರೆ ಡಿಎನ್ಎಯ ಇಡೀ ಬರಹವನ್ನು, ಜಗತ್ತಿಗೆ ತೆರೆದಿಟ್ಟರು, ಅಪೊ–ಇ ಭಾಗ ಒಂದನ್ನು ಬಿಟ್ಟು. ಅವರ ಅಜ್ಜಿಗೆ ಆಲ್ಝೈಮರ್ ಇತ್ತು. ತನಗೇನಿದೆ ಎಂದು ತಿಳಿಯಲು ಅವರಿಗೂ ಮನಸ್ಸಾಗಲಿಲ್ಲ.

ಅಪೊ–ಇ ಬಗ್ಗೆ ಮುಂದೆ ನಡೆದ ಹೋಲಿಕೆಗಳಲ್ಲಿ ಒಂದು ಅಂಶ ಹೊರಬಿತ್ತು. ಜಪಾನೀಯರಲ್ಲಿ ಇ–4ರ ಕಾಟ ಬಿಳಿಯರಿಗಿಂತ ಜೋರು, ಆಫ್ರಿಕಾ ಮೂಲದವರಲ್ಲಿ ಕಡಿಮೆ. ಅದೇ ಜೀನ್, ಬೇರೆ ಜನದಲ್ಲಿ ಬೇರೆ ಬಲ. ಹಾಗಿದ್ದರೆ ನಮ್ಮಲ್ಲಿ?

ನಮ್ಮ ದೇಶದಲ್ಲಿ ಇದರ ಮೊದಲ ದೊಡ್ಡ ಅಧ್ಯಯನ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆಯಿತು. ವಿಜಯ್ ಚಂದ್ರ ಮತ್ತು ಅಮೆರಿಕದ ಪಿಟ್ಸ್‌ಬರ್ಗಿನ ಮೇರಿ ಗಂಗೂಲಿ ನಡೆಸಿದ ಈ ಕೆಲಸದಲ್ಲಿ 55 ದಾಟಿದ 5 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದರು. ಬಹುಪಾಲು ಜನ ಓದುಬರಹ ಬಾರದವರು. ಇಸವಿ ಎಷ್ಟು, ನೂರರಿಂದ ಏಳು ಕಳೆಯುತ್ತ ಬಾ ಎಂದು ಕೇಳುವ ಅಮೆರಿಕದ ಪ್ರಶ್ನೆಪತ್ರಿಕೆ ಅವರಿಗೆ ಒಗ್ಗಲಾರದು. ಅದಕ್ಕಾಗಿ ಹಳ್ಳಿಯ ಬದುಕಿಗೆ ಹೊಂದುವಂತೆ ಹಿಂದಿಯಲ್ಲಿ ಹೊಸ ಪರೀಕ್ಷೆಯನ್ನೇ ಕಟ್ಟಿದರು. ಫಲಿತಾಂಶ ಎಲ್ಲರನ್ನೂ ಅಚ್ಚರಿಗೊಳಿಸಿತು. 65 ದಾಟಿದವರಲ್ಲಿ ಡಿಮೆನ್ಷಿಯಾ ಶೇ. 1.36 ಮಾತ್ರ. ಹೋಲಿಕೆಗೆ ಇಟ್ಟುಕೊಂಡ ಪೆನ್ಸಿಲ್ವೇನಿಯಾದ ಊರುಗಳಿಗಿಂತ ಇ–4 ಬಗೆಯೂ ಕಡಿಮೆ, ಆದರೆ ಇದ್ದವರಲ್ಲಿ ಅದು ರೋಗದ ಜೊತೆ ಅಲ್ಲಿಯಷ್ಟೇ ಗಟ್ಟಿಯಾಗಿ ಕೂಡಿಕೊಂಡಿತ್ತು. ಭಾರತೀಯರಿಗೆ ಮರೆವು ಕಡಿಮೆ ಎಂಬ ನೆಮ್ಮದಿಯ ಮಾತು ಹುಟ್ಟಿದ್ದು ಇಲ್ಲಿಂದ. ಅದು ಬಹಳ ಕಾಲ ಬಾಳಲಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಲ್ಲಿ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು.

ಕರ್ನಾಟಕದಲ್ಲಿ ಈ ಕೆಲಸದ ತವರು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಮಿದುಳಿನ ಬ್ಯಾಂಕ್ ಶುರುವಾಯಿತು. ತೀರಿಕೊಂಡವರ ಮನೆಯವರು ದುಃಖದ ನಡುವೆಯೂ ಒಪ್ಪಿ ಕೊಟ್ಟ ಮಿದುಳುಗಳು ಅಲ್ಲಿ ಸಂರಕ್ಷಿತವಾಗಿವೆ. ಆಲ್ಝೈಮರ್ ನೋಡಿದ್ದು ಜರ್ಮನ್ ಮಿದುಳನ್ನಾದರೆ, ನಮ್ಮ ಮುದುಕರ ಮಿದುಳಿನಲ್ಲಿ ಮುಪ್ಪು ಏನು ಮಾಡುತ್ತದೆ ಎಂಬುದನ್ನು ಶಂಕರ್ ಮತ್ತು ಅವರ ಸಹೋದ್ಯೋಗಿಗಳು ಕಣ್ಣಾರೆ ನೋಡಿ ದಾಖಲಿಸಿದರು. 2010ರಲ್ಲಿ ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಸಂಗಡಿಗರು ಆಸ್ಪತ್ರೆಗೆ ಬಂದ ದಕ್ಷಿಣ ಭಾರತದ ರೋಗಿಗಳ ರಕ್ತದಲ್ಲಿ ಅಪೊ–ಇ ನೋಡಿ, ಇಲ್ಲೂ ಇ–4 ಮತ್ತು ಆಲ್ಝೈಮರ್‌ಗೆ ನಂಟಿದೆ ಎಂದು ಪ್ರಕಟಿಸಿದರು.

ಜೀನಿನ ಆಚೆಗಿನ ಒಂದು ಶೋಧವನ್ನೂ ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ಇಂಡಿ–ಸಿಂದಗಿಯಂಥ ಗಡಿ ಸೀಮೆಗೆ ನೇರವಾಗಿ ತಾಗುತ್ತದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣ ಅಲ್ಲಾಡಿ ಮೊದಲು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಶಾಲೆಯ ಮೆಟ್ಟಿಲು ಹತ್ತದವರಲ್ಲೂ. ಮನೆಯಲ್ಲಿ ಕನ್ನಡ, ಸೊಲ್ಲಾಪುರದ ಸಂತೆಯಲ್ಲಿ ಮರಾಠಿ, ನೆರೆಯವರೊಂದಿಗೆ ದಖನಿ ಉರ್ದು ಆಡುತ್ತ ಬಾಳಿದ ನಮ್ಮ ಮುದುಕ–ಮುದುಕಿಯರನ್ನು ನೆನೆದಾಗ ಈ ಸುದ್ದಿ ನನಗೆ ಬಹಳ ಸಂತೋಷ ಕೊಡುತ್ತದೆ.

ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದರೆ ಸಾಲದು. ರೋಗ ಬರುವ ಮೊದಲೇ ಜನರನ್ನು ನೋಡತೊಡಗಬೇಕು. ಇದೇ ವಿಚಾರದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರ ಹುಟ್ಟಿತು. ಇನ್ಫೊಸಿಸ್‌ನ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಅವರ ಪ್ರತೀಕ್ಷಾ ಟ್ರಸ್ಟ್ 225 ಕೋಟಿ ರೂಪಾಯಿಯ ನೆರವು ಘೋಷಿಸಿತು. ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅದರ ಸ್ಥಾಪಕ ನಿರ್ದೇಶಕಿ. ಅವರ ಮುಂದಾಳತ್ವದಲ್ಲಿ 2018ರ ಜನವರಿಯಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ‘ಸ್ಯಾನ್ಸ್‌ಕಾಗ್’ ಎಂಬ ಅಧ್ಯಯನ ಆರಂಭವಾಯಿತು. ಗುರಿ: 45 ದಾಟಿದ 10 ಸಾವಿರ ಜನ. ಅವರನ್ನು ಒಮ್ಮೆ ನೋಡಿ ಬಿಡುವುದಲ್ಲ; ವರ್ಷಗಟ್ಟಲೆ ಮತ್ತೆ ಮತ್ತೆ ಕರೆದು ನೆನಪು, ಮಾತು, ನಡಿಗೆ, ಕಿವಿ, ಕಣ್ಣು, ಬಿಪಿ, ಶುಗರ್ ನೋಡುವುದು, ಮಿದುಳಿನ ಎಂಆರ್‌ಐ ತೆಗೆಯುವುದು, ರಕ್ತದಿಂದ ಜೀನೋಮ್ ಓದುವುದು. ಕನ್ನಡ, ತೆಲುಗು ಎರಡೂ ಆಡುವ, ಮಾವು ರೇಷ್ಮೆ ಬೆಳೆಯುವ, ಹಾಲು ಮಾರುವ ಜನ. ಇಂದು ನೆನಪು ನೆಟ್ಟಗಿರುವವರಲ್ಲಿ ಹತ್ತು–ಹದಿನೈದು ವರ್ಷದ ನಂತರ ಯಾರ ನೆನಪು ಕುಗ್ಗುತ್ತದೆ, ಅವರ ರಕ್ತದಲ್ಲಿ ಮೊದಲೇ ಏನಿತ್ತು ಎಂದು ತಿಳಿಯಬೇಕಾದರೆ ಇದಕ್ಕಿಂತ ಚುಟುಕಾದ ದಾರಿಯಿಲ್ಲ. ಕೂಲಿ ಬಿಟ್ಟು ಬಂದು, ತೋಳು ಚಾಚಿ ರಕ್ತ ಕೊಟ್ಟು, ಕಿವಿ ಗಡಚಿಕ್ಕುವ ಎಂಆರ್‌ಐ ಯಂತ್ರದೊಳಗೆ ಮಲಗುವ ಆ ಹಳ್ಳಿಗರಿಗೆ ಇದರಿಂದ ತಕ್ಷಣಕ್ಕೆ ಸಿಗುವ ಲಾಭ ತಮ್ಮ ಬಿಪಿ–ಶುಗರ್ ಎಷ್ಟೆಂಬ ತಿಳಿವಳಿಕೆ, ಅಷ್ಟೇ. ಉಳಿದದ್ದನ್ನು ಅವರು ಮುಂದಿನವರಿಗಾಗಿ ಕೊಡುತ್ತಿದ್ದಾರೆ. ಕನ್ನಡದ ಇತಿಹಾಸದಲ್ಲಿ ಶ್ರೀನಿವಾಸಪುರದ ಹೆಸರು ಇದಕ್ಕಾಗಿ ಬರೆದಿಡುವಂಥದ್ದು.

ಇದೇ ಕೇಂದ್ರದ ನೇತೃತ್ವದಲ್ಲಿ 2020ರ ಜನವರಿಯಲ್ಲಿ ‘ಜೀನೋಮ್ ಇಂಡಿಯಾ’ ಯೋಜನೆ ಹೊರಟಿತು. ದೇಶದ 20 ಸಂಸ್ಥೆಗಳು ಸೇರಿ 10 ಸಾವಿರ ಭಾರತೀಯರ ಪೂರ್ತಿ ಜೀನೋಮ್ ಓದುವ ಕೆಲಸ. 2025ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 85 ಸಮುದಾಯಗಳ 9,772 ಜನರ ಮಾಹಿತಿ ಇತ್ತು. ಭಾರತೀಯರು ಒಂದೇ ಜನ ಅಲ್ಲ. ಜಾತಿಯೊಳಗೇ ಮದುವೆಯಾಗುತ್ತ ಬಂದ ಸಾವಿರಾರು ಚಿಕ್ಕ ಜನಗುಂಪುಗಳು. ಅಪರೂಪದ ಒಂದು ತಪ್ಪು ಒಂದು ಸಮುದಾಯದಲ್ಲಿ ಗಟ್ಟಿಯಾಗಿ ಕೂತು, ಪಕ್ಕದ ಓಣಿಯಲ್ಲಿ ಪತ್ತೆಯೇ ಇಲ್ಲದಿರಬಹುದು. ಕರ್ನಾಟಕ, ಆಂಧ್ರದ ಅರಿವಳಿಕೆ ವೈದ್ಯರಿಗೆ ಇದರ ಅನುಭವವಿದೆ. ವೈಶ್ಯ ಸಮುದಾಯದ ಕೆಲವರಿಗೆ ಆಪರೇಶನ್ ವೇಳೆ ಕೊಡುವ ಒಂದು ಸ್ನಾಯು ಸಡಿಲಿಕೆಯ ಔಷಧ ದೇಹದಿಂದ ಬೇಗ ಇಳಿಯುವುದಿಲ್ಲ, ಅದಕ್ಕೆ ಕಾರಣ ಅವರಲ್ಲಿ ಹೆಚ್ಚಾಗಿರುವ ಒಂದು ಜೀನ್ ಕೊರತೆ.

ಸೋದರ ಸಂಬಂಧದ ಮಾತು ಇಲ್ಲಿ ಬಂದೇ ಬರುತ್ತದೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವುದು ನಮ್ಮಲ್ಲಿ ಸಾಮಾನ್ಯ. 1980ರ ದಶಕದಲ್ಲಿ ಸಂಶೋಧಕರಾದ ರಮಾದೇವಿ, ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಅಲನ್ ಬಿಟ್ಲ್ಸ್ ಬೆಂಗಳೂರು–ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದಾಗಿತ್ತು. ಮರೆವಿಗೂ ಇದಕ್ಕೂ ನಂಟೇನು? ಎಪಿಪಿ, ಪ್ರೆಸೆನಿಲಿನ್ ತಪ್ಪುಗಳಿಗೆ ರಕ್ತಸಂಬಂಧ ಬೇಕಾಗಿಲ್ಲ, ತಂದೆ–ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು. ಆದರೆ ಇ–4ರ ಎರಡು ಪ್ರತಿ ಸೇರುವ ಸಾಧ್ಯತೆ, ಇಬ್ಬರೂ ಒಬ್ಬನೇ ಅಜ್ಜನ ಮೊಮ್ಮಕ್ಕಳಾದಾಗ, ಸ್ವಲ್ಪ ಹೆಚ್ಚುತ್ತದೆ. ನಮ್ಮ ಕಡೆ ಇದರ ಲೆಕ್ಕ ಇನ್ನೂ ಆಗಬೇಕಾದ ಕೆಲಸ.

ಆ ಕೆಲಸ ಮಾಡುವವರು ಹಂದಿಗೋಡನ್ನು ನೆನಪಿಟ್ಟುಕೊಳ್ಳಬೇಕು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಕೀಲು–ಸೊಂಟ ಸವೆದು ಜನ ನಡೆಯಲಾಗದಂತಾದಾಗ, ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೆ ಹೀಗಾಯಿತೆಂದು ಮೊದಲು ನಂಬಿದ್ದರು. ಅದು ವಂಶದಲ್ಲಿ ಬರುವ ರೋಗವೆಂದು ತಜ್ಞರು ಆಮೇಲೆ ಹೇಳಿದರು. ಆದರೆ ಊರಿನ ಹೆಸರು ರೋಗಕ್ಕೆ ಅಂಟಿಕೊಂಡಿತು. ಜೀನಿನ ಸಂಗತಿ ಹಳ್ಳಿಗೆ ಬರುವಾಗ ಸಮಾಲೋಚನೆಯೂ ಗುಟ್ಟು ಕಾಯುವ ಕಟ್ಟುಪಾಡೂ ಜೊತೆಗೇ ಬರಬೇಕು. ಇಲ್ಲದಿದ್ದರೆ ‘ಏನರೆ ಐತೇನ್ರಿ’ ಎಂಬ ಪ್ರಶ್ನೆಯ ಪಟ್ಟಿಗೆ ಇನ್ನೊಂದು ಹೆಸರು ಸೇರಿ, ಯಾರದೋ ಮಗಳ ಮದುವೆ ನಿಲ್ಲುತ್ತದೆ.

ಹಾಗಾದರೆ ಅಪ್ಪನಿಗೂ ಕಾಕಾನಿಗೂ ಮರೆವು ಬಂದ ಆ ಐವತ್ತರ ಮಗನಿಗೆ ಇಂದು ಏನು ಹೇಳಬಹುದು? ಎಪ್ಪತ್ತು ದಾಟಿದ ಮೇಲೆ ಬಂದಿದ್ದರೆ, ಬೇರೆಯವರಿಗಿಂತ ನಿನಗೆ ಅಪಾಯ ಸ್ವಲ್ಪ ಹೆಚ್ಚು. ಆದರೆ ಬಂದೇ ಬರುತ್ತದೆ ಎಂದಲ್ಲ. ಅರವತ್ತರ ಒಳಗೆ ಎರಡು ಮೂರು ಜನರಿಗೆ ಬಂದಿದ್ದರೆ ಮಾತು ಬೇರೆ. ಆಗ ನಿಮ್ಹಾನ್ಸ್‌ನಂಥ ಕಡೆ ನರರೋಗ ಮತ್ತು ಅನುವಂಶೀಯತೆಯ ತಜ್ಞರನ್ನು ಕಾಣಬೇಕು, ಮೂರು ತಲೆಮಾರಿನ ವಿವರ ಬರೆದುಕೊಂಡು ಹೋಗಬೇಕು. ಅದಕ್ಕೂ ಮೊದಲು, ಅಪ್ಪನ ಮರೆವು ನಿಜಕ್ಕೂ ಈ ಕಾಯಿಲೆಯೇ ಎಂದು ನೋಡಬೇಕು. ಬಿ–12 ಕೊರತೆ, ಥೈರಾಯ್ಡ್, ಖಿನ್ನತೆ, ತಲೆಗೆ ಬಿದ್ದ ಪೆಟ್ಟಿನಿಂದ ಒಳಗೆ ಹೆಪ್ಪುಗಟ್ಟಿದ ರಕ್ತ, ಇವೂ ಹೀಗೇ ಕಾಣಿಸುತ್ತವೆ. ಚಿಕಿತ್ಸೆಗೆ ಇವು ಬಗ್ಗುತ್ತವೆ. ಬಿಪಿ, ಶುಗರ್, ಕಿವುಡು, ತಂಬಾಕು, ಒಂಟಿತನ, ಓದಿಲ್ಲದಿರುವುದು ಇತ್ಯಾದಿ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಲ್ಯಾನ್ಸೆಟ್ ವೈದ್ಯಪತ್ರಿಕೆಯ 2024ರ ಆಯೋಗ ಅಂದಾಜು ಮಾಡಿದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರ ಜನವರಿಯಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರಕ್ಕೆ ಹೋಯಿತು. ಉತ್ತರದ ಬಯಲುಸೀಮೆ ಯಾವಾಗಲೂ ಎರಡನೆಯ ಸರದಿಗೇ ಕಾಯಬೇಕೆ ಎಂಬ ನೋವು ಇಲ್ಲೂ ತಪ್ಪಲಿಲ್ಲ.

ಈ ಕಾಯುವಿಕೆ ಇನ್ನು ದುಬಾರಿಯಾಗಲಿದೆ. 2023ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ ಪೂರ್ಣ ಒಪ್ಪಿಗೆ ಕೊಟ್ಟಿತು. ಕಾಯಿಲೆಯ ಆರಂಭದಲ್ಲಿ ಕೊಟ್ಟರೆ ಅಮೈಲಾಯ್ಡ್ ಗಡ್ಡೆಗಳನ್ನು ಕರಗಿಸಿ ಮರೆವಿನ ವೇಗವನ್ನು ಒಂದಿಷ್ಟು ತಗ್ಗಿಸುವ ಔಷಧ. ಆದರೆ ಅದರಿಂದ ಮಿದುಳಿನಲ್ಲಿ ಊತ, ರಕ್ತಸ್ರಾವ ಆಗಬಹುದು. ಇ–4ರ ಎರಡು ಪ್ರತಿ ಇರುವವರಿಗೆ ಆ ಅಪಾಯ ಎಲ್ಲರಿಗಿಂತ ಹೆಚ್ಚು. ಅದಕ್ಕಾಗಿ ಔಷಧ ಕೊಡುವ ಮುನ್ನ ಅಪೊ–ಇ ಪರೀಕ್ಷೆ ಮಾಡಬೇಕೆಂದು ಅದರ ಜೊತೆಗಿನ ಸೂಚನೆಯಲ್ಲೇ ಬರೆದಿದೆ. ನೋಡಿ ಪ್ರಯೋಜನವಿಲ್ಲ ಎಂದು ವೈದ್ಯರು ಮೂವತ್ತು ವರ್ಷ ಬೇಡವೆನ್ನುತ್ತಿದ್ದ ಪರೀಕ್ಷೆ ಹೀಗೆ ಔಷಧದ ಮೊದಲ ಮೆಟ್ಟಿಲಾಗಿದೆ. ಆ ಔಷಧವೋ ಅದರ ಮುಂದಿನ ಪೀಳಿಗೆಯದೋ ಒಂದು ದಿನ ವಿಜಯಪುರದ ಆಸ್ಪತ್ರೆಗೂ ಬರುತ್ತದೆ. ಅದನ್ನು ಸಿಂದಗಿ ತಾಲ್ಲೂಕಿನ ಒಬ್ಬ ಅಜ್ಜಿಗೆ ಕೊಡಬಹುದೋ ಬಾರದೋ ಎಂದು ನಿರ್ಧರಿಸುವ ವೈದ್ಯರ ಮುಂದೆ ಆಗ ಎರಡೇ ಆಸರೆ ಇರುತ್ತವೆ: ನ್ಯೂಯಾರ್ಕ್, ಟೋಕಿಯೊ ರೋಗಿಗಳ ಅಂಕಿಅಂಶ ಮತ್ತು 2018ರಿಂದ ಶ್ರೀನಿವಾಸಪುರದ ಹಳ್ಳಿಗರು ಕೊಡುತ್ತ ಬಂದ ರಕ್ತ.